ಬಾಣಂತಿ ಹೊರಸಿನ ಕೆಳಗಿನ ಪೈಪು

೧೪-೧೨-೭೨, ಗುರುವಾರ. ಮುಲುಂಡ್

ಬಚ್ಚಲ ಬಂಬಿಗೆ ಇದ್ದಿಲು ಹಾಕಿ ನೀರು ಕಾಯಿಸಿದೆ. ಚಹಾ ಆಯಿತು. ಅಕ್ಕ ತೀರಿದ ಮೇಲೆ ಅವಳ ಮಗಳು ಮೋಹಿನಿಗೆ ನನ್ನ ಮನೆಯೇ ತವರು. ಹೆರಿಗೆಯಾಗಿ ವಾರ. ಅವಳು ಮಲಗುವ ಹೊರಸಿನ ಕೆಳಗೆ ಕಾವಿಗೆಂದು ಕೆಂಡ ಇಟ್ಟರೆ ಕಟ್ಟಡದ ಸೊಸೈಟಿಯ ಸೆಕ್ರೆಟರಿ ಬಂದು ಕೂಗಾಡಿದ — ಕೋಣೆಯಲ್ಲಿ ಹೊಗೆ ಕೂಡದು. ಮೋಹಿನಿಯ ಅತ್ತೆ ಸುಂದ್ರವ್ವನಿಗೆ ಅಷ್ಟೇ ಸಾಕು.

“ಬೀಗರ, ಬಾಣಂತಿಗೆ ಕಾವು ಕೊಡಾಕ ಆಗದಿದ್ರ ಹೇಳ್ರಿ. ಬೊರಿವಲಿಗೆ ಕರ್ಕೊಂಡ ಹೋಗ್ತೀನಿ. ನಮ್ಮ ಚಾಳಿನ್ಯಾಗ ಹೊಗಿಗೆ ಯಾರೂ ಕೇಳಂಗಿಲ್ಲ.”

“ಹೊಗಿ ಇಲ್ಲದ ಕಾವು ಕೊಡ್ತೀನ್ರಿ. ರವಿವಾರ ಬಂದು ನೋಡ್ರಿ!”

ಮಿಲ್ಲಿನ ಬಾಯ್ಲರ್ ಕಂಡವನು ನಾನು. ಬಂಬನ್ನು ಸ್ಟೂಲಿಗೇರಿಸಿ, ಅದರ ನಲ್ಲಿಯಿಂದ ಹೊರಸಿನ ಕೆಳಗೆ ಪೈಪು ಸುತ್ತಿಸಿ, ನೀರು ವಾಪಸ್ ಮೋರಿಗೆ. ಇಷ್ಟೇ. ನಾಲ್ಕನೇ ಇಯತ್ತೆಯಷ್ಟೇ ಓದಿದ ತಲೆ!

೧೬-೧೨, ಶನಿವಾರ

ಅಂಗಡಿಯಲ್ಲಿ ಮೂರು ಥರದ ಪೈಪು. ತಾಮ್ರ — ಬೆಲೆ ಕೇಳಿ ಕೈಬಿಟ್ಟೆ. ಜಿಐ ಕಬ್ಬಿಣ — ತಿರುವಿಗೊಂದು ಎಲ್ಬೋ ಜೋಡಿಸಬೇಕು, ಅದಕ್ಕೊಬ್ಬ ಪ್ಲಂಬರ್. ಅವನು ಬಂದರೆ ಹೆಸರು ಅವನಿಗೆ. ಹೊಸ ಕಪ್ಪು ಪ್ಲಾಸ್ಟಿಕ್ ಪೈಪು ಹಾವಿನಂತೆ ಬಾಗುತ್ತದೆ. ಅದನ್ನೇ ತಂದೆ.

ಹೆಂಡತಿ ಮಲ್ಲಕ್ಕನಿಗೆ ಅನುಮಾನ. “ಸುಡೋ ನೀರಿಗೆ ಮೆತ್ತಗಾಗಂಗಿಲ್ಲೇನ್ರಿ?”

“ನಿನ್ನ ಸಿಟ್ಟು ತಡಕೊಂಡವ ತಂದ ಪೈಪ ಅದು. ಎಲ್ಲಾ ತಡೀತೈತಿ.”

ಮೋಹಿನಿ ಹೊಟ್ಟೆ ಹಿಡಿದು ನಕ್ಕಳು. ಉಗುರುಬೆಚ್ಚಗಿನ ನೀರು ಬಿಟ್ಟು ನೋಡಿದೆ. ಒಂದು ಹನಿ ಸೋರಲಿಲ್ಲ. ಮಹಡಿಯವರನ್ನೆಲ್ಲ ಕರೆದು ತೋರಿಸಿದೆ. ಸೆಕ್ರೆಟರಿಯನ್ನೂ.

೨೦-೧೨, ಬುಧವಾರ

ಬರೆಯಲು ಮನಸ್ಸಿರಲಿಲ್ಲ.

ರವಿವಾರ ಬೀಗತಿ ಬಂದಳು. ಅವಳೆದುರು ಕಡಿಮೆ ಮಾಡುವುದೇ? ನೀರು ಕುದಿಯುವ ತನಕ ಇದ್ದಿಲು ಹಾಕಿದೆ. ನಲ್ಲಿ ತಿರುವಿದೆ. “ಹೊರಸಿಗೆ ಕೈ ಇಟ್ಟು ನೋಡ್ರಿ.” ಇಟ್ಟಳು. ಪೈಪು ಬೆಂದ ಶಾವಿಗೆಯಂತೆ ಮೆತ್ತಗಾಗಿ, ಬಾಗಿದ ಕಡೆ ಉಬ್ಬಿ, ಒಡೆಯಿತು. ಹೊರಸಿನ ಸುತ್ತ ಕುದಿವ ನೀರು. ಮೋಹಿನಿ ಕೂಸನ್ನು ಅವಚಿಕೊಂಡು ಚೀರಿದಳು. ಮಲ್ಲಕ್ಕನೇ ಆ ನೀರು ತುಳಿದು ಹೋಗಿ ಕೂಸನ್ನು ಎತ್ತಿಕೊಂಡಳು. ಅವಳ ಪಾದವೆಲ್ಲ ಸುಟ್ಟು ಬೊಬ್ಬೆ. ನಾನು? ನಲ್ಲಿ ಎತ್ತ ತಿರುವಬೇಕೆಂದು ತಿಳಿಯದೆ ನಿಂತಿದ್ದೆ.

“ತವರಂತ ತವರು!” ಎಂದಳು ಸುಂದ್ರವ್ವ. ಟ್ಯಾಕ್ಸಿ ತರಿಸಿ ಬಾಣಂತಿ, ಕೂಸು ಇಬ್ಬರನ್ನೂ ಬೊರಿವಲಿಗೆ ಕರೆದೊಯ್ದಳು.

೭-೧-೭೩, ರವಿವಾರ

ಬೊರಿವಲಿಗೆ ಹೋಗಿದ್ದೆ. ಹೊರಸಿನ ಕೆಳಗೆ ಕೆಂಡ, ಕೋಣೆ ತುಂಬ ಹೊಗೆ. ಕೂಸು ಕೆಮ್ಮುತ್ತಿತ್ತು. ಮೋಹಿನಿಯ ಕಣ್ಣು ಕೆಂಪು.

“ಜಿಐ ಪೈಪ ಹಾಕಸ್ತೀನಿ, ಮೋಹಿನಿ. ಪ್ಲಂಬರ್ ಕಡಿಂದನ. ಮನಿಗೆ ಬಾ.”

ಸೆರಗಿನಿಂದ ಕಣ್ಣೊರೆಸಿಕೊಂಡಳು. “ಬ್ಯಾಡ ಮಾಮಾ. ಹೊಗಿ ಆದ್ರ ಬರೂದು ಕಣ್ಣಿಗೆ ಕಾಣತೈತಿ.”

ಸುಂದ್ರವ್ವ ನನ್ನೆದುರೇ ಇನ್ನೊಂದು ಹಿಡಿ ಇದ್ದಿಲು ಹಾಕಿದಳು.

ಮನೆಗೆ ಬಂದರೆ ಮಲ್ಲಕ್ಕ ಕುಂಟುತ್ತ ಬಾಗಿಲು ತೆಗೆದಳು. “ಯಾವಾಗ ಬರ್ತಾಳಂತ್ರಿ?”

“ಬರ್ತಾಳ. ಬೀಗತಿ ತಾನ ಕೈಮುಗದು ಕಳಸ್ತಾಳ” ಎಂದುಬಿಟ್ಟೆ.

ಈಗ ಮಲ್ಲಕ್ಕ ಅಡುಗೆಮನೆಯಲ್ಲಿ ಮೋಹಿನಿಗೆಂದು ಅಂಟಿನುಂಡೆಗೆ ಕೊಬ್ಬರಿ ತುರಿಯುತ್ತಿದ್ದಾಳೆ. ಹಾಡಿಕೊಳ್ಳುತ್ತ. ನಿಜ ಹೇಳಬೇಕು. ಈ ಹಾಡು ಮುಗಿಯಲಿ, ಎದ್ದು —