ಜೋಳಿಗೆ ಇಲ್ಲದ ಡಬ್ಬಿ

ಎರಡನೇ ನೀರೆಣಿಕೆಯ 88ನೇ ವರ್ಷ, ಹದಿಮೂರನೇ ತಿಂಗಳು, ಮೂವತ್ತೆರಡನೇ ದಿನ
ಯಂತ್ರದ ಮನೆ, ಬೀದರ

ಅಡುಗೆಚೀಟಿ ಬರೆದವರಿಗೆ,

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಬೇಕು. ನಾನು ಓದಿದ್ದು ನಾಲ್ಕನೇ ತರಗತಿ. ಒತ್ತಕ್ಷರ ಎಲ್ಲಿ ಬರುತ್ತದೆ ಎಂದು ಈಗಲೂ ಅನುಮಾನವಾಗುತ್ತದೆ, ಅದಕ್ಕೇ ಕೆಲವು ಕಡೆ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಮೇಲಿನ ತಾರೀಖು ನಿಮಗೆ ಅರ್ಥವಾಗಲಾರದು. ನಿಮ್ಮ ಲೆಕ್ಕಕ್ಕೆ ಇದು 2263 ಇರಬಹುದು ಎಂದು ಖಾಜಾಸಾಬರು ಹೇಳುತ್ತಾರೆ. ಅವರು ಈ ಯಂತ್ರದ ಮನೆಯ ಹಿರಿಯರು, ನನಗೆ ಕೆಲಸ ಕಲಿಸಿದವರು. ಹಿಂದಿನ ಕಾಲಕ್ಕೆ ಪತ್ರ ಹೋಗುವುದಿಲ್ಲ ಎಂದೂ ಅವರೇ ಹೇಳಿದರು. ಆದರೂ ಬರೆಯುತ್ತಿದ್ದೇನೆ. ಬರೆಯದೆ ಇರಲು ಆಗಲಿಲ್ಲ.

ನನ್ನ ಹೆಸರು ರಾಚಮ್ಮ. ನಮ್ಮ ಊರಿನ ನೆಲದಡಿ ಬಹಳ ಹಳೆಯ ನೀರಿನ ಸುರಂಗವಿದೆ. ಅದರ ಒಣಗಿದ ಕವಲೊಂದು ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಮೇಲೆ ಬಿಸಿಲಿಗೆ ಯಂತ್ರಗಳು ಉಳಿಯುವುದಿಲ್ಲವಾದ್ದರಿಂದ ನಿಮ್ಮ ಕಾಲದಿಂದ ಉಳಿದು ಬಂದವುಗಳನ್ನು ಅಲ್ಲಿ ಸಾಲಾಗಿ ಇಟ್ಟಿದ್ದೇವೆ. ಬೆಳಿಗ್ಗೆ ನಾವು ಒದ್ದೆ ಗೋಣಿಯ ಪರದೆ ಎತ್ತಿ ಒಳಗೆ ಹೋಗುತ್ತೇವೆ, ಕಾಲು ಒರೆಸಿಕೊಳ್ಳುತ್ತೇವೆ, ಆಮೇಲೆ ಒಂದೊಂದೇ ಡಬ್ಬಿ ಎಬ್ಬಿಸುತ್ತೇವೆ. ನೀವು ಕಂಟೇನರ್ ಎನ್ನುತ್ತಿದ್ದದ್ದನ್ನು ನಾವು ಡಬ್ಬಿ ಎನ್ನುತ್ತೇವೆ, ಅದು ಯಂತ್ರದೊಳಗಿನದು, ಕೈಗೆ ಸಿಗುವಂಥದ್ದಲ್ಲ. ಹಳೆಯ ಪ್ರೋಗ್ರಾಮಿಗೆ ನಮ್ಮ ಕಾಲದ ಗಾಳಿ ಹಿಡಿಸುವುದಿಲ್ಲ. ಅದು ಹುಟ್ಟಿದಾಗ ಸುತ್ತ ಏನೇನಿತ್ತೋ ಅದನ್ನೆಲ್ಲ, ಅದೇ ಆವೃತ್ತಿಯಲ್ಲಿ, ಒಂದು ಡಬ್ಬಿಯೊಳಗೆ ಜೋಡಿಸಿ ಕೊಡಬೇಕು. ಆಗ ಅದು ತನ್ನ ಕಾಲದಲ್ಲೇ ಇದ್ದೇನೆಂದು ನಂಬಿ ಕೆಲಸ ಮಾಡುತ್ತದೆ. ಏನೇನು ಹಾಕಬೇಕು, ಯಾವುದರ ನಂತರ ಯಾವುದು ಎಂದು ಬರೆದಿಟ್ಟ ಕಡತಕ್ಕೆ ಅಡುಗೆಚೀಟಿ ಎಂದು ನಮ್ಮ ಹೆಸರು. ನೀವು ಬರೆದ ಚೀಟಿ ಇಪ್ಪತ್ತೊಂದು ಸಾಲಿನದು. ಪಕ್ಕದಲ್ಲಿ ಕನ್ನಡದಲ್ಲೇ ಟಿಪ್ಪಣಿ ಬರೆದಿದ್ದಿರಿ, ಅದಕ್ಕೇ ನನ್ನಂಥವಳಿಗೂ ಓದಲು ಬಂತು.

ನಿಮ್ಮ ಪ್ರೋಗ್ರಾಂ ನನಗೆ ಬೇಕಾದದ್ದು ನನ್ನ ಸೋದರತ್ತೆಗಾಗಿ. ಅತ್ತೆಯ ಹೆಸರು ನಾಗಿಂದ್ರಮ್ಮ. ನಮ್ಮಲ್ಲಿ ನೀರು ಓಣಿಗೊಂದು ಸರದಿಯಂತೆ ಬರುತ್ತದೆ, ಯಾವ ಓಣಿಯ ಸರದಿ ಎಂದು ಬೆಳಿಗ್ಗೆ ಕಟ್ಟೆಯ ಮೇಲೆ ನಿಂತು ಕೂಗಲು ಒಬ್ಬರಿರುತ್ತಾರೆ. ಹತ್ತೊಂಬತ್ತು ವರ್ಷ ಕೂಗಿದವಳು ನಮ್ಮತ್ತೆ. ಅವಳ ಧ್ವನಿ ಸ್ವಲ್ಪ ಒಡೆದಂತಿತ್ತು, ಕೊನೆಯಲ್ಲಿ ಮೇಲೆ ಹೋಗುತ್ತಿತ್ತು. ನಾನು ನಾಚಿಕೆಯವಳು, ಅಂಗಡಿಯಲ್ಲಿ ಉಪ್ಪು ಕೇಳಲೂ ಹಿಂದೆ ನಿಲ್ಲುತ್ತಿದ್ದೆ. ಅತ್ತೆ ಬೈಯುತ್ತಿದ್ದಳು. “ಏ ರಾಚಿ, ನಿನ್ನ ಬಾಯಾಗ ಬೆಲ್ಲದ ಉಂಡಿ ಅದೇನು? ನನ್ನ ಧ್ವನಿ ಕೇಳಿ ಊರೆಲ್ಲಾ ಕೊಡ ಹಿಡ್ಕೊಂಡು ಓಡಿ ಬರ್ತದ, ನೀ ನೋಡಿದ್ರ ಬಾಗಿಲ ಸಂದ್ಯಾಗ ನಿಂತು ಪಿಸುಗುಡ್ತಿ.”

ಅವಳ ಗಂಟಲಲ್ಲಿ ಗಡ್ಡೆ ಬಂತು. ಒಂಬತ್ತು ತಿಂಗಳೊಳಗೆ ಗಂಟಲು ಕೊಯ್ಯಬೇಕು, ಆಮೇಲೆ ಮಾತು ಇರುವುದಿಲ್ಲ ಎಂದು ವೈದ್ಯರು ಹೇಳಿದರು. ಒಬ್ಬ ಮನುಷ್ಯ ಎರಡು ಸಾವಿರ ವಾಕ್ಯ ಓದಿ ಕೇಳಿಸಿದರೆ ಆ ಧ್ವನಿಯನ್ನು ಕಲಿತು, ಆಮೇಲೆ ಬರೆದುಕೊಟ್ಟದ್ದನ್ನೆಲ್ಲ ಅದೇ ಧ್ವನಿಯಲ್ಲಿ ಹೇಳುವ ಪ್ರೋಗ್ರಾಂ ಹಳೆಯ ಕಪಾಟಿನಲ್ಲಿದೆ ಎಂದು ಖಾಜಾಸಾಬರು ನೆನಪಿಸಿದರು. ಅದು ನಿಮ್ಮದು. ಅದನ್ನು ಎಬ್ಬಿಸಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಚೀಟಿಯ ಮೊದಲ ಸಾಲು ಡಬ್ಬಿಯ ತಳಪಾಯ ಯಾವುದೆಂದು ಹೇಳಬೇಕು, ಅಲ್ಲೇ ನೀವು ಆವೃತ್ತಿಯ ಸಂಖ್ಯೆ ಬರೆಯದೆ ‘ಎಲ್ಲಕ್ಕಿಂತ ಹೊಸದು’ ತರಬೇಕೆಂದು ಬರೆದಿದ್ದಿರಿ. ನೀವು ಬರೆದ ದಿನ ಹೊಸದು ಯಾವುದಿತ್ತೋ ನನಗೆ ಹೇಗೆ ಗೊತ್ತಾಗಬೇಕು? ಅರವತ್ತಮೂರು ತಳಪಾಯಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ದಿನ ಕಳೆದಂತೆ ಅತ್ತೆಯ ಧ್ವನಿ ಸಣ್ಣಗಾಗುತ್ತಿತ್ತು. ಅರವತ್ತನಾಲ್ಕನೆಯದಕ್ಕೆ ಡಬ್ಬಿ ಎದ್ದು ನಿಂತಿತು. ಆ ದಿನ ನಿಮ್ಮ ಮೇಲೆ ನನಗೆ ಸಿಟ್ಟಿರಲಿಲ್ಲ, ನಿಮ್ಮ ಹೆಸರು ಗೊತ್ತಿದ್ದರೆ ದೀಪ ಹಚ್ಚುತ್ತಿದ್ದೆ.

ಅತ್ತೆ ದಿನಾ ಸುರಂಗಕ್ಕೆ ಇಳಿದು ಬಂದು ಓದಿದಳು. ನೀವು ಕೊಟ್ಟ ವಾಕ್ಯಗಳು ಅವಳಿಗೆ ನಗು ತರಿಸುತ್ತಿದ್ದವು. “‘ರೈಲು ತಡವಾಗಿ ಬರುತ್ತದೆ.’ ಇದೇನ್ರಿ ಖಾಜಾಸಾಬ್, ರೈಲು ಅಂದ್ರ ಯಾರ ಮಗ? ಬರ್ಲಿ ಬಿಡ್ರಿ, ಊಟ ತೆಗೆದಿಡ್ತೀನಿ.” ಎರಡು ಸಾವಿರನೆಯ ವಾಕ್ಯ ಓದಿದ ಐದನೇ ದಿನ ಅವಳ ಗಂಟಲು ಕೊಯ್ದರು.

ಗಾಯ ಮಾಗಿದ ಮೇಲೆ ಅವಳು ಬಂದು ಕೀಲಿಮಣೆಯ ಮುಂದೆ ಕೂತು, ಒಂದು ಬೆರಳಲ್ಲಿ ಒತ್ತಿ ಒತ್ತಿ ಬರೆದಳು. ಯಂತ್ರ ಅವಳ ಧ್ವನಿಯಲ್ಲಿ, ಕೊನೆಗೆ ಮೇಲೆ ಹೋಗುವ ಅದೇ ಒಡೆದ ಧ್ವನಿಯಲ್ಲಿ, “ಖಾಜಾಸಾಬ್, ನಿಮ್ಮ ಚಾದಾಗ ಸಕ್ರಿ ಇರಂಗಿಲ್ಲ. ಇಷ್ಟು ದಿನ ಮರ್ಯಾದಿಗೆ ಸುಮ್ಮನಿದ್ದೆ” ಎಂದಿತು. ಖಾಜಾಸಾಬರು ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡರು. ಸುರಂಗದಿಂದ ಕಟ್ಟೆಯವರೆಗೆ ತಂತಿ ಎಳೆದೆವು. ಮರುದಿನ ಬೆಳಿಗ್ಗೆ ನೀರಿನ ಸರದಿ ಅವಳೇ ಕೂಗಿದಳು. ಜನ ಕೊಡ ಇಟ್ಟು ನಿಂತುಬಿಟ್ಟರು.

ಹಾಗೆ ಹನ್ನೊಂದು ತಿಂಗಳು ನಡೆಯಿತು. ಸಂಜೆ ಡಬ್ಬಿ ನಿಲ್ಲಿಸುತ್ತಿದ್ದೆ, ಬೆಳಿಗ್ಗೆ ಮತ್ತೆ ಎಬ್ಬಿಸುತ್ತಿದ್ದೆ, ಧ್ವನಿ ಹಾಗೇ ಇರುತ್ತಿತ್ತು. ಹೀಗಾಗಿ ಅದು ಎಂದೂ ಇರುತ್ತದೆ ಎಂದು ನಂಬಿದೆ. ನನ್ನ ತಪ್ಪು ಇಲ್ಲಿಯೇ ಇದೆ. ಮಲಗಿದ ಡಬ್ಬಿ ಬೇರೆ, ಒಡೆದ ಡಬ್ಬಿ ಬೇರೆ.

ಯಂತ್ರದ ಮನೆಯಲ್ಲಿ ನಮಗೊಂದು ಪದ್ಧತಿ ಇದೆ, ಅದಕ್ಕೆ ಅಮಾಸಿ ಒಡೆತ ಎನ್ನುತ್ತೇವೆ. ಅಮಾವಾಸ್ಯೆಯ ದಿನ ಹಳೆಯ ಡಬ್ಬಿಗಳನ್ನೆಲ್ಲ ಒಡೆದು ಅಳಿಸಿ, ಚೀಟಿ ನೋಡಿ ಹೊಸದಾಗಿ ಕಟ್ಟುತ್ತೇವೆ. ಒಳಗೆ ಕಸ ಸೇರುವುದಿಲ್ಲ, ಚೀಟಿ ಸರಿಯಿದೆಯೋ ಇಲ್ಲವೋ ತಿಳಿಯುತ್ತದೆ. ಅತ್ತೆಯ ಡಬ್ಬಿಯನ್ನು ಮಾತ್ರ ನಾನು ಪ್ರತಿ ಸಲ ಬಿಟ್ಟುಬಿಡುತ್ತಿದ್ದೆ. ಕಾರಣ ಕೇಳಿದರೆ ಹೇಳಲು ಬರುತ್ತಿರಲಿಲ್ಲ, ಕೈ ಬರುತ್ತಿರಲಿಲ್ಲ ಅಷ್ಟೆ. ಕಳೆದ ಅಮಾವಾಸ್ಯೆಗೆ ಅದು ಬಹಳ ನಿಧಾನವಾಗಿತ್ತು. ಅತ್ತೆ ಬರೆದು ಮುಗಿಸಿದ ಮೇಲೆ ನೂರು ಎಣಿಸುವಷ್ಟು ಹೊತ್ತಿಗೆ ಮಾತು ಬರುತ್ತಿತ್ತು. ಅಂದು ಮಧ್ಯಾಹ್ನ ಅವಳು ಪಕ್ಕದಲ್ಲೇ ಅಕ್ಕಿ ಆರಿಸುತ್ತಾ ಕೂತಿದ್ದಳು. ಖಾಜಾಸಾಬರು ಹೇಳಿದರು, “ಬೇಟಿ, ಡಬ್ಬಿ ಮ್ಯಾಲ ಮಾಯಾ ಇಡಬಾರ್ದು. ಒಡಿ, ಮತ್ತ ಎಬ್ಬಿಸು. ಚೀಟಿ ಅದ ಅಂದ್ರ ಡಬ್ಬಿ ಅದ.” ನಿಮ್ಮ ಟಿಪ್ಪಣಿಯಲ್ಲೂ ಅದೇ ಇತ್ತು: ಇದನ್ನು ಯಾವಾಗ ಬೇಕಾದರೂ ಅಳಿಸಿ ಮತ್ತೆ ಕಟ್ಟಬಹುದು, ಹೆದರಬೇಡಿ.

ನಾನು ಹೆದರದೆ ಅಳಿಸಿದೆ.

ಹೊಸ ಡಬ್ಬಿ ಚೆನ್ನಾಗಿಯೇ ಎದ್ದಿತು, ಬಹಳ ಚುರುಕಾಗಿತ್ತು. ಅತ್ತೆ ಕೈ ಒರೆಸಿಕೊಂಡು ಬಂದು ಬರೆದಳು. “ಏ ರಾಚಿ, ನೀರು ತಾ” ಎಂದು ಒಬ್ಬ ಗಂಡಸು ಹೇಳಿದ. ಸಪಾಟಾದ, ಯಾರದೂ ಅಲ್ಲದ ಧ್ವನಿ. ನಿಮ್ಮ ಪ್ರೋಗ್ರಾಂ ಇನ್ನೂ ಯಾರನ್ನೂ ಕಲಿಯದಿದ್ದಾಗ ಮಾತಾಡುವ ಧ್ವನಿ ಅದಂತೆ. ಅತ್ತೆ ಹಿಂದೆ ತಿರುಗಿ ಬಾಗಿಲಿನ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಬರೆದಳು. “ಇವ ಯಾರವ?” ಎಂದು ಆ ಗಂಡಸೇ ಕೇಳಿದ. ಅವಳು ಬೆರಳು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಅವಳು ಓದಿದ ಎರಡು ಸಾವಿರ ವಾಕ್ಯ, ಯಂತ್ರ ಕಲಿತ ಧ್ವನಿ, ಎರಡೂ ಡಬ್ಬಿಯ ಒಳಗೇ ಇದ್ದವು. ಡಬ್ಬಿಯ ಹೊರಗೆ ಒಂದು ಜಾಗ ಮಾಡಿ ಅದಕ್ಕೆ ಕಟ್ಟಿದ್ದರೆ ಡಬ್ಬಿ ಒಡೆದರೂ ಅಲ್ಲಿದ್ದದ್ದು ಉಳಿಯುತ್ತಿತ್ತು. ಆ ಹೊರಗಿನ ಜಾಗಕ್ಕೆ ನಾವು ಜೋಳಿಗೆ ಎನ್ನುತ್ತೇವೆ. ಬೇರೆ ಎಲ್ಲ ಡಬ್ಬಿಗಳಿಗೂ ಜೋಳಿಗೆ ಇದೆ, ಅದನ್ನು ಚೀಟಿ ಬರೆದವರೇ ಕಟ್ಟಿದ್ದಾರೆ. ನಿಮ್ಮದಕ್ಕೂ ಇದ್ದೇ ಇರುತ್ತದೆ ಎಂದುಕೊಂಡು ನಾನು ನೋಡಲೇ ಇಲ್ಲ. ಖಾಜಾಸಾಬರು ಮೂರು ದಿನ ಊಟ ಬಿಟ್ಟು ಹುಡುಕಿದರು. ಏನೂ ಸಿಗಲಿಲ್ಲ. “ನಾನಽ ಒಡಿ ಅಂದೆ” ಎಂದು ಅವರು, “ನಾನೇ ಒಡೆದೆ” ಎಂದು ನಾನು, ಇಬ್ಬರೂ ಅದನ್ನೇ ಹೇಳುತ್ತಾ ಕೂತೆವು.

ನಾಲ್ಕನೇ ದಿನ ನಿಮ್ಮ ಕಪಾಟಿನ ಉಳಿದ ಕಡತಗಳನ್ನು ತೆರೆದೆ. ‘ಆಮೇಲೆ ಮಾಡಬೇಕಾದ ಕೆಲಸಗಳು’ ಎಂಬ ಒಂದು ಪಟ್ಟಿ ಇತ್ತು. ಆರನೆಯದು ಹೀಗಿತ್ತು: ಕಲಿತ ಧ್ವನಿಗಳನ್ನು ಹೊರಗೆ ಇಡಲು ಜಾಗ ಮಾಡಬೇಕು, ಒಂದೇ ಸಾಲು, ಐದು ನಿಮಿಷದ ಕೆಲಸ. ನೀವು ಮರೆತಿರಲಿಲ್ಲ. ಅದನ್ನು ಓದಿ ನನಗೆ ಇನ್ನೂ ಹೆಚ್ಚು ಅಳು ಬಂತು. ನಿಮಗೆ ಅಂದು ಹಸಿವಾಗಿರಬಹುದು, ಯಾರೋ ಕರೆದಿರಬಹುದು. ನಿಮ್ಮ ಯಂತ್ರದಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು, ನಿಮ್ಮ ಡಬ್ಬಿಯಲ್ಲಿ ಇನ್ನೂ ಯಾರ ಧ್ವನಿಯೂ ಇರಲಿಲ್ಲ.

ನನ್ನ ಧ್ವನಿಯನ್ನಾದರೂ ಓದಿ ಕೊಡುತ್ತೇನೆ, ಅದರಲ್ಲಿ ಮಾತಾಡು ಎಂದು ಅತ್ತೆಯನ್ನು ಕೇಳಿಕೊಂಡೆ. ಅವಳು ಹಲಗೆಯ ಮೇಲೆ ಬಳಪದಲ್ಲಿ ಬರೆದಳು: “ಬ್ಯಾಡ. ನಿಂದು ನಿನಗಽ ಸಾಲಂಗಿಲ್ಲ.” ಬರೆದು ನಕ್ಕಳು. ನಗುವಾಗ ಅವಳ ಗಂಟಲಿನ ತೂತಿನಿಂದ ಗಾಳಿ ಮಾತ್ರ ಬರುತ್ತದೆ. ನನ್ನನ್ನು ಒಂದು ದಿನವೂ ಬೈದಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕಟ್ಟೆಯ ಮೇಲೆ ಈಗ ಗಂಟೆ ಕಟ್ಟಿದ್ದಾರೆ, ಯಾವ ಓಣಿಗೆ ಎಷ್ಟು ಏಟು ಎಂದು ಜನ ಕಲಿಯುತ್ತಿದ್ದಾರೆ.

ನಿಮ್ಮಲ್ಲಿ ಒಂದು ಬೇಡಿಕೆ. ಈ ಪತ್ರ ತಲುಪಿದರೆ ಆ ಪಟ್ಟಿ ತೆಗೆದು ಆರನೆಯದನ್ನು ಇವತ್ತೇ ಮಾಡಿ. ಮೊದಲ ಸಾಲಿನಲ್ಲಿ ‘ಹೊಸದು’ ಎಂದು ಬರೆಯದೆ ಸಂಖ್ಯೆ ಬರೆಯಿರಿ. ಹೆದರಬೇಡಿ ಎಂದು ಬರೆದ ಕಡೆ, ಒಳಗೆ ಇಟ್ಟದ್ದು ಡಬ್ಬಿಯ ಜೊತೆ ಹೋಗುತ್ತದೆ ಎಂದೂ ಬರೆಯಿರಿ. ಅದನ್ನು ಓದುವವಳು ನೀವು ಎಣಿಸಿದವಳಾಗಿರುವುದಿಲ್ಲ, ಅವಳಿಗೆ ಓದು ಕಡಿಮೆ ಇರಬಹುದು, ಯಾರನ್ನೂ ಕೇಳಲು ನಾಚಿಕೆ ಇರಬಹುದು. ನಿಮ್ಮ ಮೇಲೆ ನನಗೆ ಕೋಪವಿಲ್ಲ. ನನ್ನ ಮೇಲೆ ಇರುವುದನ್ನು ಏನು ಮಾಡಬೇಕೋ ತಿಳಿಯುತ್ತಿಲ್ಲ.

ಈಗ ಅತ್ತೆ ನನ್ನನ್ನು ಕರೆಯಬೇಕಾದರೆ ಎರಡು ಸಲ ಚಪ್ಪಾಳೆ ತಟ್ಟುತ್ತಾಳೆ. ಇವತ್ತು ಬೆಳಿಗ್ಗೆ ನಿಮ್ಮ ಚೀಟಿಗೆ ನಾನೇ ಆ ಒಂದು ಸಾಲು ಸೇರಿಸಿ ಜೋಳಿಗೆ ಕಟ್ಟಿದೆ. ಹಿತ್ತಲಲ್ಲಿ ಅವಳು ಕರೆದಾಗ ತಟ್ಟಿದ ಎರಡು ಚಪ್ಪಾಳೆಯ ಸದ್ದನ್ನು ಯಂತ್ರದಲ್ಲಿ ಹಿಡಿದು ಅದರಲ್ಲಿ ಇಟ್ಟೆ. ಆಮೇಲೆ ಡಬ್ಬಿ ಒಡೆದು ಅಳಿಸಿದೆ. ಮತ್ತೆ ಎಬ್ಬಿಸಿ ಕಿವಿ ಇಟ್ಟು ಕೇಳಿದೆ. ಎರಡೂ ಇದ್ದವು.