ಬಳೆ ಅಂಗಡಿಯ ಹಿಂದಿನ ಕೋಣೆ

3-6-92, ಬುಧವಾರ

ಬೆಳಿಗ್ಗೆ ಕೋರ್ಟಿನಲ್ಲಿ ಎರಡು ಪೇಶಿ, ವಿಚಾರಣೆ. ಎರಡೂ ಮುಂದಕ್ಕೆ. ಮಧ್ಯಾಹ್ನ ಹೊನ್ನೂರಪ್ಪ ವಕೀಲರು ತಾವಾಗಿ ಚಹಾ ತರಿಸಿದರು. ಹಾಗೆ ತರಿಸುವವರಲ್ಲ. ಆಗಲೇ ಅನುಮಾನ ಬಂತು. ಪ್ರಾಕ್ಟೀಸ್ ರಾಯಚೂರಿಗೆ ಬದಲಿಸುತ್ತಾರಂತೆ, ತಿಂಗಳ ಕೊನೆಗೆ ಆಫೀಸ್ ಖಾಲಿ.

"ಇನ್ನ ಎಷ್ಟು ದಿನ ಜೂನಿಯರ್ ಅನಿಸ್ಕೊಂಡು ಕುಂದ್ರತಿ ಅಮರಮ್ಮ? ಸ್ವಂತ ಬೋರ್ಡ್ ಹಾಕು" ಅಂದರು.

ಗಂಡ ತೀರಿಹೋದ ಮೇಲೆ ಲಾ ಓದಿದವಳು ನಾನು. ಅವರ ಆಫೀಸಿನ ಮೂಲೆಯ ಟೇಬಲ್ಲೇ ಇಲ್ಲಿಯವರೆಗೆ ನನ್ನ ಜಾಗ. ಸಿಂಧನೂರಿನಲ್ಲಿ ಹೆಂಗಸಿಗೆ ಆಫೀಸ್ ಯಾರು ಕೊಡುತ್ತಾರೋ, ಹುಡುಕಬೇಕು.

7-6-92, ಭಾನುವಾರ

ಎರಡು ಜಾಗ ನೋಡಿದೆ.

ಒಂದು, ಕೋರ್ಟ್ ಗೇಟಿನ ಎದುರು ಬಸ್ಸಪ್ಪ ಸಾಹುಕಾರರ ಬಿಲ್ಡಿಂಗ್, ಮೇಲಿನ ರೂಮು. ಕೆಳಗೆ ಹೋಟೆಲ್. ಬಾಲ್ಕನಿಗೆ ಬೋರ್ಡ್ ಹಾಕಿದರೆ ಮಸ್ಕಿ ಬಸ್ಸಿನಲ್ಲಿ ಕೂತವರಿಗೂ ಕಾಣುತ್ತದೆ. ಗಾಳಿ, ಬೆಳಕು, ಫ್ಯಾನು. ಆಸೆಯಾಯಿತು, ಸುಳ್ಳೇಕೆ.

ಇನ್ನೊಂದು, ಬಜಾರದ ಗಲ್ಲಿಯಲ್ಲಿ ಉಸ್ಮಾನ್‌ಸಾಬರ ಬಳೆ ಅಂಗಡಿಯ ಹಿಂದಿನ ಕೋಣೆ. ಹಳೇ ಸ್ಟಾಕ್ ಇಡುತ್ತಿದ್ದರು. ಬೇರೆ ಬಾಗಿಲಿಲ್ಲ, ಅಂಗಡಿ ದಾಟಿಯೇ ಒಳಗೆ ಹೋಗಬೇಕು. ಒಂದೇ ಕಿಟಕಿ, ಅದೂ ಚರಂಡಿಯ ಕಡೆ. ಅಂಗಡಿಯಲ್ಲಿ ಕೂರುವವರು ಅವರ ಹೆಂಡತಿ ಮಕ್ತುಂಬೀ, ಇಡೀ ಗಲ್ಲಿಗೆ ಚಾಚಿ.

ಮೇಲಿನದೇ ಸರಿ ಅನಿಸಿದೆ.

8-6-92

ಬಳಗಾನೂರಿನ ಕರೆಮ್ಮ ಬಂದಿದ್ದಳು. ಗಂಡ ತೀರಿ ವರ್ಷವಾಗಿಲ್ಲ. ಕಾಲುವೆ ಕೆಳಗಿನ ಅವನ ಪಾಲಿನ ಹೊಲ ಇವಳಿಗೆ ಬರಬೇಕು, ಮೈದುನ ಉಳುತ್ತಿದ್ದಾನೆ. ಕಾಲುವೆಗೆ ನೀರು ಬಂದು ಅವನು ನಾಟಿ ಹಚ್ಚುವ ಮೊದಲು ಸ್ಟೇ ತರಬೇಕು. ಹಚ್ಚಿಬಿಟ್ಟರೆ ಬೆಳೆ ನನ್ನದು, ಹೊಲ ನನ್ನ ಸ್ವಾಧೀನ ಅನ್ನುತ್ತಾನೆ. ಪಹಣಿ ತಾ ಅಂದೆ. ಹೊಸ ಆಫೀಸ್ ಅಲ್ಲಿ ಅಂತ ಮೇಲಿನ ರೂಮು ತೋರಿಸಿದೆ.

ಮೆಟ್ಟಿಲು ನೋಡಿದಳು. ಹೋಟೆಲಿನ ಬೆಂಚು ನೋಡಿದಳು.

"ಅಲ್ಲಿ ನಮ್ಮೂರ ಗಂಡಸರು ಕುಂತಿರ್ತಾರ್ರೀ ಅವ್ವಾರ. ನಾ ಮ್ಯಾಲ ಹತ್ತಿದ್ದು, ನಾ ಊರು ಮುಟ್ಟೋದ್ರಾಗ ಮೈದುನಗ ಮುಟ್ಟಿರ್ತೈತಿ."

ಹೌದಲ್ಲ. ಆ ಮೆಟ್ಟಿಲನ್ನು ಯಾವ ಹೆಂಗಸು ಹತ್ತುತ್ತಾಳೆ? ಬಳೆ ಅಂಗಡಿಗಾದರೆ ಯಾಕೆ ಹೋದೆ ಅಂತ ಯಾರೂ ಕೇಳುವುದಿಲ್ಲ.

14-6-92

ಬಳೆ ಅಂಗಡಿಯೇ ಗಟ್ಟಿ ಮಾಡಿದೆ. ಚಾಚಿ ಖುಷಿಯಿಂದ ಒಪ್ಪಿದರು. ಉಸ್ಮಾನ್‌ಸಾಬರು ಕಿವಿ ಕೆರೆದುಕೊಂಡು, "ಮುಂಜಾನಿ ಬೋಣಿ ಹೊತ್ತಿಗೆ ಮಾತ್ರ, ವಕೀಲರ..." ಅಂತ ಏನೋ ಶುರು ಮಾಡಿದರು. ಚಾಚಿ ಕಣ್ಣು ಬಿಟ್ಟಿದ್ದಕ್ಕೆ ಸುಮ್ಮನಾದರು.

ಬೋರ್ಡ್ ಚಿಕ್ಕದು, ಒಳಗಿನ ಗೋಡೆಗೆ.

29-6-92

ಲೆಕ್ಕ ತಪ್ಪಲಿಲ್ಲ. ಹೆಂಗಸರು ಬರುತ್ತಿದ್ದಾರೆ. ಒಬ್ಬಳ ಗಂಡ ಹೊರಗೆ ಬೀಡಿ ಸೇದುತ್ತ ನಿಂತಿದ್ದ, ಅವಳು ಒಳಗೆ ಕೂತು ಅವನ ಮೇಲೆಯೇ ಜೀವನಾಂಶದ ಅರ್ಜಿ ಬರೆಸಿದಳು. ಹೋಗುವಾಗ ಚಾಚಿ ಅವಳ ಕೈಗೆ ಬಳೆ ಇಟ್ಟು ಕಳಿಸಿದರು. ಬಹಳ ದಿನದ ಮೇಲೆ ನಕ್ಕೆ.

ಸಂಜೆ ಕರೆಮ್ಮ. ಪಹಣಿ ತಂದಿದ್ದಾಳೆ. ಆದರೆ ಅಂಗಡಿಯ ಮೆಟ್ಟಿಲು ಹತ್ತಲೊಲ್ಲಳು. ಗಲ್ಲಿಯ ಆಚೆ ಗೋಡೆಗೆ ಆತು ನಿಂತಳು. ನಾನೇ ಹೋದೆ.

"ಗಂಡ ಸತ್ತಾಕಿ ನಾ. ಬಳಿ ಅಂಗಡ್ಯಾಗ ಹೆಂಗ ಬರ್ಲಿ?"

"ನಾನು ದಿನಾ ಬರಾಕತ್ತೀನಲ್ಲ, ಕರೆಮ್ಮ."

ನನ್ನ ಬರಿಗೈ ನೋಡಿದಳು. ನೋಡಿ, "ನೀವು ಕೋಟ್ ಹಾಕೀರಿ" ಅಂದಳು.

ಎಂಥ ಮರೆವು ನನ್ನದು. ಗಂಡನ ಮೇಲೆ ಸಿಟ್ಟಿರುವವರ ಬಗ್ಗೆ ಯೋಚಿಸಿದೆ. ಗಂಡನೇ ಇಲ್ಲದವರನ್ನು ಮರೆತೆ. ನಾನೇ ಅಂಥವಳಾಗಿ! ಕೇಸು ನಡೆಸಲು ಬೇಕಾದ ವಕಾಲತ್ನಾಮೆಗೆ ರಸ್ತೆಯಲ್ಲೇ ಹೆಬ್ಬೆಟ್ಟು ಒತ್ತಿಸೋಣವೆಂದರೆ ಯಾರೋ ಊರವನು ಕಂಡನೆಂದು ಸೆರಗು ಎಳೆದುಕೊಂಡು ಹೋಗಿಬಿಟ್ಟಳು.

18-7-92, ಶನಿವಾರ

ಬರೆಯಲು ಕೈ ಬರುತ್ತಿಲ್ಲ.

ಬೆಳಿಗ್ಗೆ ಜವಳಗೇರಾದಿಂದ ಶ್ರಾವಣದ ಮದುವೆಯ ಮಂದಿ ಬಂದಿದ್ದರು. ಮದುಮಗಳ ಒಂದು ಕೈಗೆ ಬಳೆ ಇಟ್ಟು ಮುಗಿದಿತ್ತು. ಇನ್ನೊಂದು ಕೈ ಚಾಚಿಯ ಕೈಯಲ್ಲಿ. ನಾನು ಫೈಲು ಹಿಡಿದು "ದಾರಿ ಕೊಡ್ರಿ" ಅಂತ ಒಳಗೆ ಬಂದೆ. ಹುಡುಗಿಯ ತಾಯಿ ನನ್ನ ಹಣೆ ನೋಡಿದಳು, ಕೈ ನೋಡಿದಳು. ಮಗಳ ಕೈಯನ್ನು ಚಾಚಿಯಿಂದ ಬಿಡಿಸಿಕೊಂಡಳು. ಇಟ್ಟ ಬಳೆಗಳನ್ನೂ ತೆಗೆಸಿದಳು. ಎಲ್ಲರೂ ಎದ್ದು ಎದುರಿನ ಬಳೆ ಅಂಗಡಿಗೆ ಹೋದರು.

ಚಾಚಿ ಹಸಿರು ಬಳೆಗಳನ್ನು ದಾರಕ್ಕೆ ಪೋಣಿಸುತ್ತ ಕೂತರು. "ಹೋಗ್ಲಿ ಬಿಡ್ರಿ. ಅವ್ರಿಗೆ ಡಿಸೈನ್ ಸೇರಿರಲಿಕ್ಕಿಲ್ಲ."

ಎದುರಿನ ಅಂಗಡಿಯವನೇ ಆಮೇಲೆ ಹಲ್ಲು ಕಿರಿಯುತ್ತ ಹೇಳಿದ. ಇದು ಮೊದಲ ಸಲವಲ್ಲ. ಉಸ್ಮಾನ್‌ಸಾಬರ ಅಂಗಡಿಯಲ್ಲಿ ಬೋಣಿ ಹೊತ್ತಿಗೆ ವಿಧವೆ ಅಡ್ಡ ಬರುತ್ತಾಳೆ ಅಂತ ಊರೆಲ್ಲ ಮಾತಾಗಿದೆಯಂತೆ. ನಾಗರಪಂಚಮಿ ಹತ್ತಿರ ಬಂತು, ಎಲ್ಲ ಬಳೆ ಅಂಗಡಿಗಳಲ್ಲೂ ಕಾಲಿಡಲು ಜಾಗವಿಲ್ಲ. ಇಲ್ಲಿ ಮಾತ್ರ ಚಾಚಿ ಒಬ್ಬರೇ ನೊಣ ಓಡಿಸುತ್ತ ಕೂತಿದ್ದರು. ನನಗೆ ಕಾಣಲಿಲ್ಲವೇ? ಕಂಡಿತ್ತು. ಮಳೆಗಾಲ, ವ್ಯಾಪಾರ ಮಂದ ಅಂದುಕೊಂಡಿದ್ದೆ.

19-7-92

ಕೋರ್ಟಿನಲ್ಲಿ ನನ್ನನ್ನು ಕಂಡು ಯಾರೂ ಪಕ್ಕಕ್ಕೆ ಸರಿಯುವುದಿಲ್ಲ. ಕರಿ ಕೋಟು ನೋಡುತ್ತಾರೆ. ಅದನ್ನೇ ನಂಬಿ ಇಷ್ಟು ವರ್ಷ ಓಡಾಡಿದೆ. ಸಿಟ್ಟು ಆ ತಾಯಿಯ ಮೇಲಲ್ಲ... ಅಲ್ಲ, ಅವಳ ಮೇಲೂ ಇದೆ. ಇಲ್ಲ ಅಂದರೆ ಸುಳ್ಳಾಗುತ್ತದೆ.

ಬಸ್ಸಪ್ಪನವರ ರೂಮು ಇನ್ನೂ ಖಾಲಿ ಇದೆ. ಅಲ್ಲಿಗೆ ಹೋದರೆ ಹೆಂಗಸರು ಬರುವುದಿಲ್ಲ. ಇಲ್ಲಿದ್ದರೆ ಚಾಚಿಯ ಅಂಗಡಿ ಮುಳುಗುತ್ತದೆ. ಕಾಲುವೆಗೆ ನೀರು ಬಿಡುವ ಸುದ್ದಿ ಬೇರೆ, ಕರೆಮ್ಮನ ಹೆಬ್ಬೆಟ್ಟು ಇನ್ನೂ ಆಗಿಲ್ಲ.

20-7-92

ಕೋಣೆ ಬಿಟ್ಟು ಹೋಗುತ್ತೇನೆ ಅಂತ ಚಾಚಿಗೆ ಹೇಳಿದೆ. ಎಲೆ ಅಡಿಕೆ ಹಾಕಿಕೊಂಡರು. "ನಾಕು ದಿನ ತಡೀರಿ" ಅಂದರು. ಲಿಂಗಸುಗೂರು ಕೋರ್ಟಿನಲ್ಲಿ ಹೇಗೂ ಕೆಲಸವಿತ್ತು. ಹೋದೆ.

25-7-92

ಬಂದು ನೋಡಿದರೆ ಹಿಂದಿನ ಗೋಡೆ ಒಡೆದಿದೆ. ಕಿಟಕಿ ಇದ್ದಲ್ಲಿ ಬಾಗಿಲು. ಸಿಮೆಂಟು ಇನ್ನೂ ಹಸಿ. ಉಸ್ಮಾನ್‌ಸಾಬರು ನನ್ನ ಮುಖ ನೋಡದೆ ಬೀಗದಕೈ ಕೊಟ್ಟರು.

"ಇನ್ನ ಯಾರಿಗೂ ತ್ರಾಸ ಇಲ್ರಿ."

ನಿಜ. ಹೇಳಿ ಕಳಿಸಿದ್ದಕ್ಕೆ ಸಂಜೆಯೇ ಕರೆಮ್ಮ ಚರಂಡಿ ದಾಟಿ ಒಳಗೆ ಬಂದಳು. ಕುರ್ಚಿಯಲ್ಲಿ ಕೂತಳು. ಹೆಬ್ಬೆಟ್ಟು ಒತ್ತಿದಳು. ಅವಳ ಹಿಂದೆಯೇ ಇನ್ನೊಬ್ಬಳು, ಅವಳೂ ಗಂಡ ಇಲ್ಲದವಳು. ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಸಂತೋಷಪಡಬೇಕು. ಮನೆಗೆ ಬಂದು ಅತ್ತುಬಿಟ್ಟೆ.

31-7-92

ಸ್ಟೇ ಸಿಕ್ಕಿತು. ನಾಟಿಗೆ ಮೊದಲೇ.

ಈ ವಾರವೆಲ್ಲ ಹಿಂದಿನಿಂದಲೇ ಬಂದು ಹೋದೆ. ಕೆಸರು, ಹಂದಿ. ಗೋಡೆಯ ಆಚೆ ಪಂಚಮಿಯ ಗಿರಾಕಿಗಳು ಮತ್ತೆ ತುಂಬಿದ್ದಾರೆ, ನಗು, ಬಳೆಯ ಸದ್ದು. ನಡುವಿನ ಬಾಗಿಲು ಮುಚ್ಚಿದೆ. ಯಾರೂ ಮುಚ್ಚು ಅನ್ನಲಿಲ್ಲ. ನಾನೇ ಮುಚ್ಚಿದೆ.

ಸ್ಟೇ ಆರ್ಡರ್ ಕಾಪಿ ಕೊಟ್ಟಾಗ ಕರೆಮ್ಮ ಅದನ್ನು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಕೇಳಿದಳು.

"ನೀವೂ ಈಗ ಹಿಂದಿಲಿಂದ ಬರ್ತೀರೇನ್ರಿ?"

"ಹ್ಞೂಂ."

"ಮೊದಲ ಮುಂದಿಲಿಂದ ಬರ್ತಿದ್ರಿ. ಆಚೆ ಗ್ವಾಡಿಗೆ ನಿಂತು ನೋಡ್ತಿದ್ದೆ. ನೋಡಿ ಧೈರ್ಯ ಬರ್ತಿತ್ತು."

ಅಷ್ಟೇ ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಹೋದಳು. ಸ್ಟೇ ಸಿಕ್ಕ ದಿನ ಹೀಗೆ ಸೋತವಳಂತೆ ಯಾವತ್ತೂ ಕೂತಿರಲಿಲ್ಲ.

6-8-92, ಗುರುವಾರ

ಪಂಚಮಿ ಮುಗಿಯಿತು. ಇವತ್ತು ಕಾಲುಗಳು ತಾವಾಗಿ ಮುಂದಿನ ಗಲ್ಲಿಗೆ ತಿರುಗಿದವು. ಚಾಚಿ ಕಸ ಗುಡಿಸಿ, ನೀರು ಚಿಮುಕಿಸಿ, ಊದುಬತ್ತಿ ಹಚ್ಚುತ್ತಿದ್ದರು. ನಾನು ಮೆಟ್ಟಿಲ ಕೆಳಗೆ ನಿಂತೆ. ಅವರೂ ನಿಂತರು. ಗಲ್ಲಿಯ ಆ ತುದಿ ನೋಡಿದರು, ಈ ತುದಿ ನೋಡಿದರು. ಎದುರಿನವನು ಶಟರ್ ಎತ್ತುತ್ತಿದ್ದ.

"ಬೋಣಿ ಆಗಲಿ ಚಾಚಿ, ಆಮ್ಯಾಲ ಬರ್ತೀನಿ" ಅಂದೆ.

"ಗ್ವಾಡಿ ಒಡಿಸಿದ್ದು ನಮ್ಮನಿಯವ್ರು. ನಾ ಅಲ್ಲ" ಅಂದರು. ಗಿರಾಕಿ ಕೂರುವ ಚಾಪೆ ಝಾಡಿಸಿ ಹಾಸಿದರು. "ಬೋಣಿ ಇನ್ನಾ ಆಗಿಲ್ಲ. ನೀ ಒಳಗ ಬಾರವ್ವ."

ಹತ್ತಿದೆ. ಎದುರಿನವನು ನೋಡಿದ. ಹಾಲಿನ ಕೊಡ ಹೊತ್ತ ಇಬ್ಬರು ನಿಂತು ನೋಡಿದರು.

ಈಗ ಹನ್ನೊಂದು ಗಂಟೆ. ಕೋರ್ಟಿಗೆ ಹೊರಡಬೇಕು, ಏಳಲು ಮನಸ್ಸಿಲ್ಲ. ನಡುವಿನ ಬಾಗಿಲು ತೆಗೆದೇ ಇಟ್ಟಿದ್ದೇನೆ. ಚಾಚಿಯ ಬೆನ್ನು ಕಾಣುತ್ತದೆ. ಬೆಳಿಗ್ಗೆಯಿಂದ ಒಬ್ಬರೂ ಬಂದಿಲ್ಲ. ಬಳೆಯ ಪೆಟ್ಟಿಗೆ ತೆಗೆಯುತ್ತಾರೆ, ಒರೆಸುತ್ತಾರೆ, ಮತ್ತೆ ಇಡುತ್ತಾರೆ. ಒಮ್ಮೆಯೂ ಹಿಂದೆ ತಿರುಗಿಲ್ಲ.

ಯಾರೋ ಚಪ್ಪಲಿ ಬಿಟ್ಟ ಸದ್ದು. ಚಾಚಿ ನೆಟ್ಟಗೆ ಕೂತರು. "ಬರ್ರಿ, ಬರ್ರಿ" ಅಂದರು. ಬಂದವಳು ಇನ್ನೂ ಮೆಟ್ಟಿಲ ಮೇಲೆಯೇ ಇದ್ದಾಳೆ, ಒಳಗೆ ನನ್ನ ಕಡೆ ನೋಡುತ್ತ. ಬಾಗಿಲು ಮುಚ್ಚಲು ನಾನು ಏಳುವುದಿಲ್ಲ.