ಮರಳಿನ ಸದ್ದು

ಅಪ್ಪಾ,

ಫೋನಿನಲ್ಲಿ ನನಗೆ ಬಾಯಿ ತೆಗೆಯಲು ಬಿಡುವುದಿಲ್ಲ ನೀನು, ಅದಕ್ಕೇ ಈ ಪತ್ರ. "ಟೀವಿಯಲ್ಲಿ ಅವಳು ಕಾಣಿಸಲೇ ಇಲ್ಲವಲ್ಲ" ಅಂತ ಸೋದರತ್ತೆ ಕೊಂಕು ನುಡಿದರಂತೆ. ಕಾಣಿಸಿದರೆ ನನ್ನ ಕೆಲಸ ಕೆಟ್ಟಂತೆ ಅಪ್ಪ. ಇಡೀ ಜಗತ್ತು ನೋಡುವ ಈ ಕ್ರೀಡಾಕೂಟದಲ್ಲಿ ಉದ್ದಜಿಗಿತದ ಸದ್ದು ಹಿಡಿಯುವವಳು ನಾನು. ಜಿಗಿದವರು ಬೀಳುವ ಮರಳಿನ ಅಂಚಿನಲ್ಲಿ ಮೈಕು ಹೂತಿಟ್ಟಿದ್ದೇನೆ. ಮರಳು ನುಗ್ಗದಂತೆ ಅದಕ್ಕೆ ತೊಡಿಸಿರುವುದು ನೀನು ಮನೆಯೆಲ್ಲ ಹುಡುಕುತ್ತಿರುವ ಉಣ್ಣೆಯ ಕಾಲುಚೀಲ, ಅಮ್ಮನನ್ನು ಬಯ್ಯಬೇಡ.

ಭಾನುವಾರ ಫೈನಲ್. ಕಾಮೆಂಟರಿಯವರ ಬಡಬಡಿಕೆ ಬೇಡವೆಂದು ನೀನು ಟೀವಿಯ ಬಾಯಿ ಮುಚ್ಚಿಸಿಯೇ ನೋಡುವವನು. ಅವತ್ತೊಂದು ದಿನ ಸಹಿಸಿಕೊಂಡು ಸೌಂಡು ಜೋರಾಗಿಡು. ಅತ್ತೆಯನ್ನೂ ಪಕ್ಕದಲ್ಲೇ ಕೂರಿಸಿಕೋ. ಹಿಮ್ಮಡಿ ಮರಳಿಗೆ ಬಿದ್ದು ಜರ್ರೆಂದಾಗ ಅವರಿಗೆ ಹೇಳು: "ಕೇಳಿಸಿತಾ? ನನ್ನ ಮಗಳು."

ನಿನ್ನ
ಪುಟ್ಟಿ